ರವಿಕೆಯ ಹುಕ್ಕು

ಮೊದಲ ಸಲ ಆಕ್ಸಾಲಿಪ್ಲಾಟಿನ್ ಡ್ರಿಪ್ ಹಾಕಿಸಿಕೊಂಡು ಬಂದ ಮಾರನೆಯ ಬೆಳಗ್ಗೆ ಎಂದಿನಂತೆ ಸ್ಟೀಲ್ ಚೊಂಬಿಗೆ ಕೈ ಹಾಕಿದೆ. ಬೆರಳಿಗೆ ಕರೆಂಟ್ ಹೊಡೆದ ಹಾಗಾಯಿತು. ಒಂದು ಗುಟುಕು ಕುಡಿದದ್ದೇ ಗಂಟಲು ಬಿಗಿದುಕೊಂಡಿತು. ಉಸಿರೇ ನಿಂತುಹೋಯಿತೆಂದು ಹೆದರಿದೆ. ಸಕಲೇಶಪುರದ ಡಿಸೆಂಬರ್ ಚಳಿ. 'ತಣ್ಣಗಿರೋದು ಏನೂ ಮುಟ್ಟಬೇಡಿ ಅಮ್ಮಾ' ಎಂದು ನರ್ಸ್ ಹೇಳಿದ್ದರು. ನಾನದನ್ನು ಫ್ರಿಜ್ ನೀರಿನ ಮಾತೆಂದುಕೊಂಡಿದ್ದೆ. ಕೊಡದ ನೀರು, ಬಾಗಿಲ ಚಿಲಕವೂ ಅದರಲ್ಲಿ ಸೇರುತ್ತವೆಂದು ಹೊಳೆದಿರಲಿಲ್ಲ.

ಕರುಳಿನ ಕ್ಯಾನ್ಸರಿಗೆ ಆಪರೇಷನ್ ಆದ ಮೇಲೆ ಮೂರು ವಾರಕ್ಕೊಮ್ಮೆ ಈ ಡ್ರಿಪ್, ಜೊತೆಗೆ ಮಾತ್ರೆ. ಔಷಧಿಯಲ್ಲಿರುವುದು ಪ್ಲಾಟಿನಂ, ಒಡವೆ ಅಂಗಡಿಯ ಅದೇ ಲೋಹ. ಅದು ಜೀವಕೋಶದ ಡಿಎನ್‌ಎಗೆ ಅಂಟಿ, ಹೆಚ್ಚಾಗಿ ಅಕ್ಕಪಕ್ಕದ ಎರಡು ಗ್ವಾನೀನ್ ಅಕ್ಷರಗಳನ್ನು ಗಂಟು ಹಾಕಿಬಿಡುತ್ತದೆ. ಗಂಟು ಬಿದ್ದ ಡಿಎನ್‌ಎಯ ನಕಲು ಸರಿಯಾಗಿ ತೆಗೆಯಲಾಗದೆ ಕೋಶ ಸಾಯುತ್ತದೆ. ಬೇಗಬೇಗ ಇಮ್ಮಡಿಸುವ ಕೋಶಗಳಿಗೆ ಪೆಟ್ಟು ಜಾಸ್ತಿ. ಮೂಳೆಮಜ್ಜೆಯೂ ಅಂಥದ್ದೇ, ಅದಕ್ಕೇ ಪ್ರತಿ ಡೋಸಿಗೂ ಮೊದಲು ರಕ್ತ ಪರೀಕ್ಷೆ. ನರಕೋಶ ಇಮ್ಮಡಿಸುವುದಿಲ್ಲ. ಆದರೂ ಬೆನ್ನುಹುರಿಯ ಪಕ್ಕದ ನರಗಂಟುಗಳಲ್ಲಿ ಪ್ಲಾಟಿನಂ ಸೇರುತ್ತಾ ಹೋಗುತ್ತದೆ. ತಣ್ಣೀರಿನ ಶಾಕ್ ಕೆಲವು ದಿನಕ್ಕೆ ಇಳಿಯುತ್ತದೆ. ನರದ ಜೋಮು ಮಾತ್ರ ಡೋಸಿನಿಂದ ಡೋಸಿಗೆ ಕೂಡುತ್ತದೆ.

ಈ ಔಷಧಿಗೆ ಕೂದಲು ಪೂರಾ ಉದುರುವುದು ಅಪರೂಪ. ನೆಂಟರು ನನ್ನ ಜಡೆ ನೋಡಿ 'ಸದ್ಯ, ಅಷ್ಟೇನೂ ಕಷ್ಟ ಕೊಟ್ಟಿಲ್ಲ' ಎಂದರು. ನಾನೂ ಹಾಗೇ ನಂಬಿದೆ. ನಾಲ್ಕನೆಯ ಡೋಸಾದ ಮೇಲೆ ಕನಕಾಂಬರ ಕಟ್ಟಲು ಕೂತರೆ ದಾರ ಯಾವುದು, ತೊಟ್ಟು ಯಾವುದು ಬೆರಳಿಗೆ ತಿಳಿಯಲಿಲ್ಲ. ರವಿಕೆಯ ಹುಕ್ಕನ್ನು ಮಗಳು ಹಾಕಬೇಕಾಯಿತು. ಡಾಕ್ಟರ್ ಕೇಳಿದಾಗ 'ಏನಿಲ್ಲ, ಸ್ವಲ್ಪ ಜೋಮು' ಎಂದೆ. ನಿಜ ಹೇಳಿದರೆ ಔಷಧಿ ನಿಲ್ಲಿಸುತ್ತಾರೆ, ಕಾಯಿಲೆ ಮರಳುತ್ತದೆ ಎಂಬ ಭಯ. ಐದನೆಯದೂ ಆಯಿತು. ಮುಂದಿನ ಸಲ ಮಗಳೇ ಹುಕ್ಕಿನ ವಿಷಯ ಹೇಳಿಬಿಟ್ಟಳು.

ಡಾಕ್ಟರ್ ಪೆನ್ ಕೆಳಗಿಟ್ಟು ನನ್ನ ಕೈ ಹಿಡಿದು ನೋಡಿದರು. ಅಪಾಯ ಕಡಿಮೆಯಿರುವ ಕೆಲವರಿಗೆ 6 ತಿಂಗಳ ಬದಲು 3 ತಿಂಗಳ ಚಿಕಿತ್ಸೆಯೇ ಸಾಕಾಗುತ್ತದೆಂದು 2018ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನ ತೋರಿಸಿದೆಯಂತೆ. ನನ್ನದು ಆ ಗುಂಪಲ್ಲ, 8 ಡೋಸ್ ಬರೆದಿದ್ದರು. ಆದರೂ ಡ್ರಿಪ್ ಅಲ್ಲಿಗೇ ನಿಲ್ಲಿಸಿ ಮಾತ್ರೆಯಷ್ಟೇ ಮುಂದುವರಿಸಿದರು. ಡೋಸ್ ಇಳಿಸುವ ದಾರಿಯೂ ಇತ್ತು, ನಾನು ಮೊದಲೇ ಬಾಯಿ ಬಿಟ್ಟಿದ್ದರೆ.

ನಿಲ್ಲಿಸಿದ ಮೇಲೂ ಎರಡು ತಿಂಗಳು ಜೋಮು ಏರುತ್ತಲೇ ಇತ್ತು. ಈಗಲೂ ಸ್ನಾನದ ನೀರಿನ ಬಿಸಿಯನ್ನು ಮೊಣಕೈಯಿಂದ ನೋಡುತ್ತೇನೆ.

ಹೋದ ವಾರ ಹಿಂದಿನ ಬೀದಿಯ ಒಬ್ಬರಿಗೆ ಇದೇ ಔಷಧಿ ಶುರುವಾಯಿತು. ಬಿಸಿನೀರಿನ ಫ್ಲಾಸ್ಕ್ ಕೊಟ್ಟು ಬಂದೆ. ಇನ್ನು ಪ್ರತಿ ಡೋಸಾದ ಮೇಲೂ ಹೋಗಿ ಕೇಳುವವಳಿದ್ದೇನೆ: ಹುಕ್ಕು ನೀವೇ ಹಾಕಿಕೊಂಡಿರಾ?