ಕಾರ್ಖಾನೆ ಕೆಲಸ: ಸೇರುವ ಮುನ್ನ ಹಾಕಬೇಕಾದ ಲೆಕ್ಕ

ಕರ್ನಾಟಕದ ಕಾರ್ಖಾನೆಗಳಲ್ಲಿ ಉತ್ಪಾದನಾ ವಿಭಾಗದ ಕೆಲಸಗಾರರಿಗೆ ಬೇಡಿಕೆ ಇದೆ. ರಾಜ್ಯದ 2025–30ರ ಕೈಗಾರಿಕಾ ನೀತಿ 20 ಲಕ್ಷ ಉದ್ಯೋಗ ಸೃಷ್ಟಿಯ ಗುರಿ ಇಟ್ಟುಕೊಂಡಿದೆ. ಎಸ್ಸೆಸ್ಸೆಲ್ಸಿ, ಪಿಯುಸಿ ಅಥವಾ ಐಟಿಐ ಮುಗಿಸಿದವರಿಗೆ ಕೆಲಸ ಸಿಕ್ಕರೆ ಸಾಲದು, ಅದು ಉಳಿಯಬೇಕು, ಸಂಬಳವೂ ಏರಬೇಕು. ಯಾವ ಉದ್ಯಮ, ಎಂಥ ಕೌಶಲ, ಯಾರ ಹೆಸರಿನ ನೇಮಕಾತಿ ಪತ್ರ ಎಂಬುದರ ಮೇಲೆ ಇದು ನಿಂತಿದೆ. ಸೇರುವ ಮುನ್ನ ಒಂದೊಂದಾಗಿ ನೋಡಬೇಕಾದ ಅಂಶಗಳು ಇಲ್ಲಿವೆ.

1. ಉದ್ಯಮ ಮತ್ತು ಊರು

ಹೊಸ ನೇಮಕಾತಿ ಹೆಚ್ಚು ಕಾಣುತ್ತಿರುವುದು ಎಲೆಕ್ಟ್ರಾನಿಕ್ಸ್‌ನಲ್ಲಿ. ಕೋಲಾರದ ನರಸಾಪುರದಲ್ಲಿ ಟಾಟಾ ಎಲೆಕ್ಟ್ರಾನಿಕ್ಸ್, ದೇವನಹಳ್ಳಿ ಬಳಿ ಫಾಕ್ಸ್‌ಕಾನ್ ಮೊಬೈಲ್ ಫೋನ್ ಜೋಡಣೆ ನಡೆಸುತ್ತಿವೆ. ಈ ಕೆಲಸದಲ್ಲಿ ಹೆಣ್ಣುಮಕ್ಕಳೇ ಹೆಚ್ಚು. ವಾಹನ ಉದ್ಯಮಕ್ಕೆ ಬಿಡದಿ, ನರಸಾಪುರ, ಮೈಸೂರು ಮತ್ತು ಧಾರವಾಡ, ಬಿಡಿಭಾಗ ಮತ್ತು ಯಂತ್ರೋಪಕರಣಕ್ಕೆ ಪೀಣ್ಯ, ಬೊಮ್ಮಸಂದ್ರ, ಎರಕಕ್ಕೆ ಬೆಳಗಾವಿ ಮತ್ತು ಶಿವಮೊಗ್ಗ, ಉಕ್ಕಿಗೆ ತೋರಣಗಲ್ಲು ಹೆಸರಾಗಿವೆ. ವಿಮಾನದ ಬಿಡಿಭಾಗಗಳ ಕೆಲಸ ಬೆಂಗಳೂರಿನ ಜೊತೆಗೆ ಬೆಳಗಾವಿಯಲ್ಲೂ ಇದೆ.

ಗಾರ್ಮೆಂಟ್ಸ್‌ನಲ್ಲಿ ಕೆಲಸ ಬೇಗ ಸಿಗುತ್ತದೆ, ಆದರೆ ಸಂಬಳ ಹೆಚ್ಚಾಗಿ ಕನಿಷ್ಠ ವೇತನದ ಆಸುಪಾಸಿನಲ್ಲೇ ನಿಲ್ಲುತ್ತದೆ. ರಾಜ್ಯ ಸರ್ಕಾರ ಉದ್ಯಮ, ವಲಯ ಮತ್ತು ಕೌಶಲಕ್ಕೆ ತಕ್ಕಂತೆ ಕನಿಷ್ಠ ವೇತನ ನಿಗದಿ ಮಾಡುತ್ತದೆ. ತುಟ್ಟಿಭತ್ಯೆ ಪ್ರತಿ ವರ್ಷ ಏಪ್ರಿಲ್ 1ರಿಂದ ಬದಲಾಗುತ್ತದೆ. ಬೆಂಗಳೂರಿಗೂ ಸಣ್ಣ ಪಟ್ಟಣಕ್ಕೂ ದರದಲ್ಲಿ ವ್ಯತ್ಯಾಸ ಇರುವುದರಿಂದ ಕೋಣೆ ಬಾಡಿಗೆ ಮತ್ತು ಊಟದ ಖರ್ಚು ಕಳೆದೇ ಹೋಲಿಸಬೇಕು.

2. ಕೌಶಲ

ಫಿಟ್ಟರ್, ಟರ್ನರ್, ಮೆಷಿನಿಸ್ಟ್, ಎಲೆಕ್ಟ್ರೀಷಿಯನ್ ಟ್ರೇಡ್‌ಗಳಿಗೆ ಐಟಿಐನಲ್ಲಿ 2 ವರ್ಷ, ವೆಲ್ಡರ್‌ಗೆ 1 ವರ್ಷ. 2 ವರ್ಷದ ಐಟಿಐ ಮುಗಿಸಿದವರು ಡಿಪ್ಲೊಮಾದ ಎರಡನೇ ವರ್ಷಕ್ಕೆ ನೇರವಾಗಿ ಸೇರಬಹುದು. ಟೂಲ್ ಅಂಡ್ ಡೈ ಕಲಿಯಲು ಸರ್ಕಾರದ ಜಿಟಿಟಿಸಿ ಕೇಂದ್ರಗಳಿವೆ. ಗ್ರಾಮೀಣ ಬಡ ಕುಟುಂಬಗಳ ಮಕ್ಕಳಿಗಾಗಿ ಬಿಡದಿಯಲ್ಲಿ ಟೊಯೋಟಾ ಕಂಪನಿ 2007ರಿಂದ ವಸತಿ ಸಹಿತ ತಾಂತ್ರಿಕ ಶಾಲೆ ನಡೆಸುತ್ತಿದೆ.

ಸಂಬಳ ಹೇಗೆ ಏರುತ್ತದೆ ಎಂಬುದಕ್ಕೆ ಸಿಎನ್‌ಸಿ ಯಂತ್ರದ ಕೆಲಸ ಒಳ್ಳೆಯ ಉದಾಹರಣೆ. ಹೆಲ್ಪರ್ ಆದವನು ಬಿಡಿಭಾಗವನ್ನು ಯಂತ್ರಕ್ಕೆ ಹಾಕಿ ತೆಗೆಯುತ್ತಾನೆ. ಆಪರೇಟರ್ ಮೈಕ್ರೋಮೀಟರ್‌ನಲ್ಲಿ 0.01 ಮಿ.ಮೀ.ವರೆಗೆ ಅಳತೆ ನೋಡಿ, ಟೂಲ್ ಸವೆದಷ್ಟು ಆಫ್‌ಸೆಟ್ ತಿದ್ದುತ್ತಾನೆ. ಸೆಟ್ಟರ್ ಹೊಸ ಜಾಬ್‌ಗೆ ಯಂತ್ರ ಅಣಿಗೊಳಿಸುತ್ತಾನೆ, ಪ್ರೋಗ್ರಾಮರ್ ಡ್ರಾಯಿಂಗ್ ಓದಿ ಪ್ರೋಗ್ರಾಂ ಬರೆಯುತ್ತಾನೆ. ಡ್ರಾಯಿಂಗ್ ಓದಲು ಮತ್ತು ಅಳತೆ ಹಿಡಿಯಲು ಬಾರದವರು ಹೆಲ್ಪರ್ ಆಗಿಯೇ ಉಳಿಯುತ್ತಾರೆ.

3. ಅಪ್ರೆಂಟಿಸ್ ತರಬೇತಿ

ಐಟಿಐ ಮುಗಿದ ಕೂಡಲೇ ಅಪ್ರೆಂಟಿಸ್‌ಶಿಪ್ ಇಂಡಿಯಾ ಪೋರ್ಟಲ್‌ನಲ್ಲಿ ನೋಂದಾಯಿಸಿಕೊಳ್ಳುವುದು ಒಳ್ಳೆಯದು. ಎಚ್‌ಎಎಲ್, ಬಿಇಎಲ್, ಬಿಇಎಂಎಲ್‌ನಂಥ ಸಾರ್ವಜನಿಕ ಉದ್ಯಮಗಳೂ ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳುತ್ತವೆ. 2019ರ ನಿಯಮದಲ್ಲಿ ಕನಿಷ್ಠ ಸ್ಟೈಪೆಂಡ್ ವಿದ್ಯಾರ್ಹತೆಗೆ ತಕ್ಕಂತೆ ತಿಂಗಳಿಗೆ 5,000ದಿಂದ 9,000 ರೂಪಾಯಿ ಎಂದು ನಿಗದಿಯಾಯಿತು. ಇದು ಸಂಬಳವಲ್ಲ, ತರಬೇತಿ ಮುಗಿದ ಮೇಲೆ ಕಾಯಂ ಮಾಡಿಕೊಳ್ಳಲೇಬೇಕೆಂಬ ಕಟ್ಟಲೆಯೂ ಇಲ್ಲ. ಕೈಗೆ ಸಿಗುವ ರಾಷ್ಟ್ರೀಯ ಪ್ರಮಾಣಪತ್ರವೇ ಇದರ ನಿಜವಾದ ಗಳಿಕೆ.

4. ನೇಮಕಾತಿ ಪತ್ರ

ಒಂದೇ ಲೈನಿನಲ್ಲಿ ಪಕ್ಕಪಕ್ಕ ನಿಂತು ದುಡಿಯುವವರಲ್ಲಿ ಒಬ್ಬರು ಕಾಯಂ, ಇನ್ನೊಬ್ಬರು ನಿಗದಿತ ಅವಧಿಯವರು, ಮತ್ತೊಬ್ಬರು ಗುತ್ತಿಗೆದಾರರ ಕಡೆಯವರು ಆಗಿರಬಹುದು. ಸಂಬಳ, ಬಡ್ತಿ, ಭದ್ರತೆ ಎಲ್ಲವೂ ಇದರ ಮೇಲೆ ಬದಲಾಗುತ್ತವೆ. 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳ ಪ್ರಕಾರ ನೇಮಕಾತಿ ಪತ್ರ ಕೊಡುವುದು ಕಡ್ಡಾಯ. ಪತ್ರದಲ್ಲಿ ಕಂಪನಿಯ ಹೆಸರಿದೆಯೇ, ಏಜೆನ್ಸಿಯ ಹೆಸರಿದೆಯೇ ಎಂಬುದನ್ನು ಮೊದಲು ನೋಡಬೇಕು. ಕೆಲಸ ಕೊಡಿಸುವುದಾಗಿ ಮುಂಗಡ ಕೇಳುವವರಿಗೆ ಹಣ ಕೊಡಬಾರದು.

5. ಕೈಗೆ ಬರುವ ಸಂಬಳ

ಜಾಹೀರಾತಿನ ಮೊತ್ತ ಬೇರೆ, ಬ್ಯಾಂಕ್ ಖಾತೆಗೆ ಬೀಳುವ ಹಣ ಬೇರೆ. ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿ 15,000 ರೂಪಾಯಿ, ಬೇರೆ ಭತ್ಯೆ ಇಲ್ಲ ಎಂದುಕೊಂಡರೆ ಲೆಕ್ಕ ಹೀಗೆ:

• ಪಿಎಫ್ 12%: 1,800 ರೂಪಾಯಿ
• ಇಎಸ್‌ಐ 0.75%: 113 ರೂಪಾಯಿ
• ಕೈಗೆ: 13,087 ರೂಪಾಯಿ

ಮಾಲೀಕರು ತಮ್ಮ ಪಾಲಿನ ಪಿಎಫ್ 1,800 ಮತ್ತು ಇಎಸ್‌ಐ 3.25% ಅಂದರೆ 488 ರೂಪಾಯಿ ಕಟ್ಟುತ್ತಾರೆ. ಇದನ್ನೂ ಸೇರಿಸಿ ‘ಸಿಟಿಸಿ (ಕಂಪನಿಗೆ ತಗಲುವ ಒಟ್ಟು ವೆಚ್ಚ) 17 ಸಾವಿರಕ್ಕೂ ಹೆಚ್ಚು’ ಎಂದು ಜಾಹೀರಾತು ಕೊಡುವುದು ವಾಡಿಕೆ. ಕ್ಯಾಂಟೀನ್, ಬಸ್, ಹಾಸ್ಟೆಲ್ ಕಡಿತ ಇದ್ದರೆ ಕೈಗೆ ಬರುವ ಹಣ ಇನ್ನೂ ಕಡಿಮೆ. ಸಂದರ್ಶನದಲ್ಲೇ ‘ಬೇಸಿಕ್ ಎಷ್ಟು, ಕೈಗೆ ಎಷ್ಟು’ ಎಂದು ಕೇಳಬೇಕು.

6. ಓಟಿ, ಬೋನಸ್, ಗ್ರಾಚ್ಯುಯಿಟಿ

ವಾರದ ಕೆಲಸದ ಮಿತಿ 48 ಗಂಟೆ. ಹೆಚ್ಚುವರಿ ದುಡಿಮೆಗೆ ಎರಡು ಪಟ್ಟು ದರ ಸಿಗಬೇಕು. 15,000 ರೂಪಾಯಿ ವೇತನವನ್ನು 26 ದಿನ, 8 ಗಂಟೆಯಿಂದ ಭಾಗಿಸಿದರೆ ಗಂಟೆಗೆ 72 ರೂಪಾಯಿ ಬರುತ್ತದೆ, ಹಾಗಾಗಿ ಓಟಿ ಗಂಟೆಗೆ ಸುಮಾರು 144 ರೂಪಾಯಿ. ವರ್ಷದಲ್ಲಿ ಕನಿಷ್ಠ 30 ದಿನ ದುಡಿದ ಅರ್ಹರಿಗೆ 8.33%ಗೆ ಕಡಿಮೆ ಇಲ್ಲದ ಬೋನಸ್ ಇದೆ. ಗ್ರಾಚ್ಯುಯಿಟಿ ಕಾಯಂ ನೌಕರರಿಗೆ 5 ವರ್ಷಕ್ಕೆ, ನಿಗದಿತ ಅವಧಿಯವರಿಗೆ 1 ವರ್ಷಕ್ಕೆ ದಕ್ಕುತ್ತದೆ. ಇದೇ ವೇತನಕ್ಕೆ 5 ವರ್ಷದ ಗ್ರಾಚ್ಯುಯಿಟಿ ಸುಮಾರು 43,000 ರೂಪಾಯಿ.

7. ಕೆಲಸ ಬದಲಿಸುವಾಗ

ಕಾರ್ಖಾನೆ ಬದಲಾದರೂ ಪಿಎಫ್‌ನ ಯುಎಎನ್ ಸಂಖ್ಯೆ ಒಂದೇ ಇರಬೇಕು. ಪ್ರತಿ ಸಲ ಹಣ ಪೂರ್ತಿ ಬಿಡಿಸಿಕೊಂಡರೆ 10 ವರ್ಷದ ಸೇವೆಗೆ ಸಿಗುವ ಪಿಂಚಣಿ ಹಕ್ಕು ಕೈತಪ್ಪುತ್ತದೆ. ಹಾಗೆಂದು ಬಿಡಿಸಿಕೊಳ್ಳುವ ಹಕ್ಕೇ ಇಲ್ಲವೆಂದಲ್ಲ, ಪಿಎಫ್ ದುಡಿಯುವವರ ಸ್ವಂತ ಹಣ. ಅದನ್ನು ಬಿಡಿಸಿಕೊಳ್ಳುವುದಕ್ಕೆ ಕೇಂದ್ರ ಹೊಸ ನಿರ್ಬಂಧ ತಂದಾಗ, 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಗಾರ್ಮೆಂಟ್ಸ್ ಮಹಿಳೆಯರು ಬೀದಿಗಿಳಿದರು, ಆ ನಿಯಮ ವಾಪಸಾಯಿತು.

ಪೇ ಸ್ಲಿಪ್, ನೇಮಕಾತಿ ಪತ್ರ, ಅನುಭವ ಪತ್ರಗಳನ್ನು ಜೋಪಾನವಾಗಿ ಇಟ್ಟುಕೊಳ್ಳಬೇಕು. ಸಂಬಳ ತಡವಾದರೆ, ಪಿಎಫ್ ಕಡಿತವಾಗಿಯೂ ಜಮೆಯಾಗದಿದ್ದರೆ, ಕಾರ್ಮಿಕ ಇಲಾಖೆಗೆ ಅಥವಾ ಪಿಎಫ್ ಕಚೇರಿಗೆ ಲಿಖಿತ ದೂರು ಕೊಡಬಹುದು. ಆ ದೂರಿಗೆ ಬಲ ಬರುವುದು ಈ ಕಾಗದಗಳಿಂದಲೇ.