ಅದೇ ಬಾಗಿಲಿಗೆ ಮತ್ತೆ ಹೋಗುವ ಕೆಲಸ

ಪ್ರೀತಿಯ ತಂಗಿ,

ನಿನ್ನ ಕಾಗದ ಓದಿದೆ. ಬೆಂಗಳೂರಿನ ಕಂಪನಿಯ ಸಂಬಳದ ಮಾತು ನನಗೆ ಅರ್ಥವಾಗುತ್ತದೆ. ಮನೆಯ ಸಾಲ, ನಿಮ್ಮಪ್ಪನ ಔಷಧಿ ಎರಡೂ ನನಗೆ ಗೊತ್ತಿಲ್ಲದ್ದಲ್ಲ. ಆದರೆ ಕೊಕ್ಕಡದಲ್ಲಿ ಎಂಡೋಸಲ್ಫಾನ್ ಕೀಟನಾಶಕ ತಾಕಿದ ಮನೆಗಳನ್ನು ಅಧ್ಯಯನ ಮಾಡುವ ಕೆಲಸದ ಬಗ್ಗೆ ನೀನು ಬರೆದ ಸಾಲು ನನ್ನ ನಿದ್ದೆ ಕೆಡಿಸಿತು. ಹತ್ತು ವರ್ಷ ಅವೇ ಮನೆಗಳಿಗೆ ಹೋಗಿ ಅವೇ ಪ್ರಶ್ನೆ ಕೇಳುವುದು ಸಂಶೋಧನೆ ಹೇಗಾದೀತು ಎಂದು ಬರೆದಿದ್ದೀ.  ನಿರ್ಧರಿಸುವ ಮೊದಲು ನನ್ನ ಮಾತು ಸ್ವಲ್ಪ ಕೇಳು.

ನಾನು ಭೋಪಾಲಕ್ಕೆ ಹೋದದ್ದು 1985ರಲ್ಲಿ, ವೈದ್ಯಕೀಯ ಓದು ಮುಗಿದ ಹೊಸತರಲ್ಲಿ. ಯೂನಿಯನ್ ಕಾರ್ಬೈಡ್ ಕಾರ್ಖಾನೆಯ ಎದುರಿಗೇ ಇದ್ದ ಜೆ.ಪಿ. ನಗರದ ಬಸ್ತಿಯಲ್ಲಿ ಮನೆಮನೆಗೆ ಹೋಗಿ ಹೆಂಗಸರ ಆರೋಗ್ಯ ವಿಚಾರಿಸುವುದು ನನ್ನ ಪಾಲಿಗೆ ಬಂದ ಕೆಲಸ. ಕಲಬುರಗಿಯ ಓಣಿಯಲ್ಲಿ ಕಲಿತ ನನ್ನ ದಖನಿ ಕೇಳಿ ಅವರು ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದರು. ನಕ್ಕಮೇಲೆ ಒಳಗೆ ಕರೆಯುತ್ತಿದ್ದರು. 1984ರ ಡಿಸೆಂಬರ್ 2ರ ರಾತ್ರಿ ಆ ಕಾರ್ಖಾನೆಯಿಂದ ಸುಮಾರು 40 ಟನ್ ಮೀಥೈಲ್ ಐಸೊಸೈನೇಟ್ ಸೋರಿ ಸಾವಿರಾರು ಜನ ಸತ್ತದ್ದು ಲೋಕಕ್ಕೆಲ್ಲ ಗೊತ್ತು. ಬದುಕಿ ಉಳಿದವರ ಸಂಕಟ ಹಾಗೆ ಸುದ್ದಿಯಾಗಲಿಲ್ಲ. ನಾಲ್ಕು ಹೆಜ್ಜೆ ನಡೆದರೆ ಏದುಸಿರು. ಕಣ್ಣಲ್ಲಿ ಸದಾ ಉರಿ. ಬಿಳಿಸೆರಗು, ತಪ್ಪಿದ ಮುಟ್ಟು, ಇಳಿದುಹೋದ ಬಸಿರು. ಇದನ್ನೆಲ್ಲ ನಾನು ಬರೆದುಕೊಂಡು ಬಂದರೆ ನಮ್ಮ ಹಿರಿಯ ವೈದ್ಯರೊಬ್ಬರು ಚೀಟಿ ಪಕ್ಕಕ್ಕೆ ಸರಿಸಿ, ಇದು ಬಡತನದ ಕಾಯಿಲೆ, ಇವರಿಗೆ ಪರಿಹಾರದ ಆಸೆ ಎಂದರು. ಅದೇ ವರ್ಷ ವೈದ್ಯೆಯರಾದ ರಾಣಿ ಬಂಗ್ ಮತ್ತು ಮೀರಾ ಸದ್ಗೋಪಾಲ್ ಅಲ್ಲಿಯ ಹೆಂಗಸರನ್ನು ಪರೀಕ್ಷಿಸಿ ಅವರ ನೋವು ನಿಜವೆಂದು ತೋರಿಸಿದರು. ಅಷ್ಟಾದರೂ ಅದನ್ನು ಕೇಳಿಸಿಕೊಂಡವರು ಕಡಿಮೆ.

ಒಬ್ಬ ತಾಯಿಯ ಬಗ್ಗೆ ನಿನಗೆ ಹೇಳಲೇಬೇಕು. ಓದು ಬರಹ ಬಾರದವಳು. ಆಸ್ಪತ್ರೆಯ ಚೀಟಿ, ಕ್ಷ-ಕಿರಣದ ಲಕೋಟೆ, ಮಾತ್ರೆಯ ಖಾಲಿ ಹಾಳೆ ಕೂಡ ಬಿಸ್ಕತ್ತಿನ ಡಬ್ಬಿಯೊಂದರಲ್ಲಿ ಜೋಡಿಸಿಟ್ಟಿದ್ದಳು. ವರ್ಷಗಳ ಮೇಲೆ ಮತ್ತೆ ನೋಡಲು ಹೋದಾಗ ಆ ಡಬ್ಬಿ ಹಾಗೇ ಇತ್ತು, ಅವಳು ಗೋಡೆಗೊರಗಿ ಉಸಿರಿಗೆ ಒದ್ದಾಡುತ್ತಿದ್ದಳು. ಪರಿಹಾರದ ಕಾಗದದಲ್ಲಿ ಅವಳದ್ದು ತಾತ್ಕಾಲಿಕ ತೊಂದರೆ ಎಂದು ಬರೆದಿತ್ತು. ಬಹುಪಾಲು ಸಂತ್ರಸ್ತರಂತೆ ಅವಳಿಗೂ 25,000 ರೂಪಾಯಿ. ವರ್ಷವರ್ಷವೂ ಅವಳ ಎದೆಯ ಪರೀಕ್ಷೆ ಮಾಡಿ ದಾಖಲಿಸಿದವರಿದ್ದಿದ್ದರೆ ಆ ಶಬ್ದವನ್ನು ಬರೆಯುವ ಧೈರ್ಯ ಯಾರಿಗೂ ಬರುತ್ತಿರಲಿಲ್ಲ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಅನಿಲ ತಾಕಿದ ಸುಮಾರು 80,000 ಮಂದಿಯನ್ನೂ ತಾಕದ ಸುಮಾರು 16,000 ಮಂದಿಯನ್ನೂ ಗುರುತಿಸಿ ಅಧ್ಯಯನ ಶುರುಮಾಡಿತ್ತು. ಜನ ಮನೆ ಬದಲಿಸಿದರು, ಊರು ಬಿಟ್ಟರು, ಪಟ್ಟಿ ಕರಗುತ್ತ ಹೋಯಿತು. 1994ರಲ್ಲಿ ಮಂಡಳಿ ಈ ಸಂಶೋಧನೆಗಳನ್ನು ಮುಗಿಸಿತು. ಕ್ಯಾನ್ಸರ್ ಹತ್ತು, ಇಪ್ಪತ್ತು ವರ್ಷಕ್ಕೆ ತಲೆಯೆತ್ತುವ ರೋಗ ತಂಗಿ. ಕಾಯಬೇಕಾದ ಹೊತ್ತಿಗೆ ಕಾವಲು ಎದ್ದುಹೋಯಿತು. ಆ ರಾತ್ರಿ ಹೊಟ್ಟೆಯಲ್ಲಿದ್ದ ಗಂಡುಮಕ್ಕಳಲ್ಲಿ ಮುಂದೆ ಕ್ಯಾನ್ಸರ್ ಹೆಚ್ಚು, ಓದು ಕಡಿಮೆ ಎಂಬುದು ಪ್ರಕಟವಾದದ್ದು 2023ರಲ್ಲಿ. ಅದೂ ಬೇರೆ ಉದ್ದೇಶಕ್ಕೆ ನಡೆದ ಕುಟುಂಬ ಸಮೀಕ್ಷೆಗಳ ಅಂಕಿ ಹೆಕ್ಕಿ. ಅಷ್ಟರಲ್ಲಿ ಆ ಮಕ್ಕಳಿಗೆ ನಲವತ್ತರ ಹತ್ತಿರ.

ಇಟಲಿಯ ಸೆವೆಸೊದಲ್ಲಿ ನಡೆದದ್ದೇ ಬೇರೆ. 1976ರಲ್ಲಿ ಕಾರ್ಖಾನೆಯಿಂದ ಡಯಾಕ್ಸಿನ್ ಹಾರಿತು. ಚೂರು ರಕ್ತದಲ್ಲಿ ಅದನ್ನು ಅಳೆಯುವ ವಿದ್ಯೆ ಆಗ ಯಾರಿಗೂ ಇರಲಿಲ್ಲ. ಪಾವ್ಲೊ ಮೊಕರೆಲ್ಲಿ ಎಂಬ ವೈದ್ಯ ಜನರ ರಕ್ತದ ಮಾದರಿಗಳನ್ನು ಹೆಪ್ಪುಗಟ್ಟಿಸಿ ಇಟ್ಟ. ಅಳೆಯುವ ವಿದ್ಯೆ ಹತ್ತು ವರ್ಷದ ನಂತರ ಬಂತು, ಆ ರಕ್ತ ಆಗ ಮಾತಾಡಿತು. ಯಾರಿಗೆ ಎಷ್ಟು ವಿಷ ತಾಕಿತ್ತೆಂಬುದು ಹೆಸರು ಸಹಿತ ಗೊತ್ತಿರುವುದರಿಂದ ಅಲ್ಲಿಯ ಹೆಂಗಸರ, ಅವರ ಮಕ್ಕಳ ಅಧ್ಯಯನ ಸಾಗುತ್ತ ಬಂದಿದೆ.

ನೀನು ಬೇಸರಪಡುವ, ಎಂಡೋಸಲ್ಫಾನ್ ಸಿಂಪಡಿಸಿದ ಗೇರು ತೋಟಗಳ ಸೀಮೆಯ ಕಥೆಯನ್ನೇ ನೋಡು. ಗಡಿಯಾಚೆ ಕಾಸರಗೋಡಿನ ಪಡ್ರೆಯಲ್ಲಿ ಹುಟ್ಟುವಾಗಲೇ ಊನಗೊಂಡ ಕರುಗಳ ಬಗ್ಗೆ ಪತ್ರಕರ್ತ ಶ್ರೀಪಡ್ರೆಯವರು ಬರೆದದ್ದು ನೀನು ಹುಟ್ಟುವ ಎಷ್ಟೋ ಮೊದಲು. ಅಲ್ಲಿಯ 117 ಹುಡುಗರನ್ನು, ಎಂಡೋಸಲ್ಫಾನ್ ತಾಕದ 90 ಹುಡುಗರೊಂದಿಗೆ ಹೋಲಿಸಿದ ಅಧ್ಯಯನ 2003ರಲ್ಲಿ ಬಂತು. ಸಿಂಪಡಣೆಯ ಊರಿನ ಹುಡುಗರು ಪ್ರಾಯಕ್ಕೆ ಬರುವುದು ತಡವಾಗಿತ್ತು. ಆಗ 10ರಿಂದ 19 ವರ್ಷದವರು, ಈಗ ಮಕ್ಕಳ ತಂದೆಯರಾಗುವ ವಯಸ್ಸಿನವರು. 2011ರಲ್ಲಿ ಸುಪ್ರೀಂ ಕೋರ್ಟ್ ದೇಶದಲ್ಲೆಲ್ಲ ಆ ವಿಷವನ್ನು ತಡೆದಮೇಲೆ ಹುಟ್ಟಿದ ಮಕ್ಕಳು ಹೇಗಿದ್ದಾರೆ ಎಂದು ಯಾರು ಹೋಗಿ ಕೇಳಬೇಕು? ಕೊಕ್ಕಡದ ಬದಿಯಲ್ಲಿ ಮೂವತ್ತು ದಾಟಿದ ಮಗನಿಗೆ ಇಂದಿಗೂ ತುತ್ತು ಮಾಡಿ ಉಣಿಸುವ ತಾಯಂದಿರಿದ್ದಾರೆ. ಅವರ ಬಾಗಿಲಿಗೆ ಹೋಗುವುದು ಸಂಶೋಧನೆಯಲ್ಲ ಎನ್ನುವಷ್ಟು ಯಾವಾಗ ದೊಡ್ಡವಳಾದೆ ನೀನು? ಏರ್ ಕಂಡೀಷನ್ ಕೋಣೆಯಲ್ಲಿ ಕೂತು ನೀನು ಜರಡಿ ಹಿಡಿಯುವ ಅಂಕಿಯೂ ಬಿಸಿಲಲ್ಲಿ ಇನ್ನೊಬ್ಬಳು ತಿರುಗಿ ತಂದದ್ದೇ.

ಗಟ್ಟಿಯಾಗಿ ಹೇಳಿಬಿಟ್ಟೆ. ಮನಸ್ಸಿಗೆ ಹಚ್ಚಿಕೊಳ್ಳಬೇಡವ್ವ. ಕಂಪನಿಯ ಕೆಲಸ ಕೀಳಲ್ಲ, ಅಲ್ಲಿ ಕಲಿಯುವುದೂ ಬೇಕಾದಷ್ಟಿದೆ. ಆದರೆ ಆ ಕುರ್ಚಿಗೆ ನೀನು ಒಲ್ಲೆನೆಂದರೆ ನಾಳೆಯೇ ಇನ್ನೊಬ್ಬರು ಬರುತ್ತಾರೆ. ಕೊಕ್ಕಡಕ್ಕೆ ಹಾಗೆ ಯಾರೂ ಬರುವುದಿಲ್ಲ. ನಿನಗೆ ತುಳು ಬರುತ್ತದೆ, ಅಂಕಿಸಂಖ್ಯೆಯೂ ಬರುತ್ತದೆ. ಎರಡೂ ಬರುವವರು ಸಿಗುವುದು ಕಷ್ಟ.

ಹೋದರೆ ಒಂದು ಕೆಲಸ ತಪ್ಪದೆ ಮಾಡು. ಅಣುಬಾಂಬು ಬಿದ್ದ ಹಿರೋಷಿಮಾದಲ್ಲಿ 1947ರಿಂದ ಅಮೆರಿಕದವರು ಜನರನ್ನು ಪರೀಕ್ಷಿಸಿದರು, ಚಿಕಿತ್ಸೆ ಕೊಡಲಿಲ್ಲ. ಅಲ್ಲಿಯವರಿಗೆ ಆ ಸಿಟ್ಟು ಬಹಳ ಕಾಲ ಇತ್ತು. ನೀನು ಬರೆದುಕೊಂಡದ್ದನ್ನು ಆ ಮನೆಯವರಿಗೆ ಅರ್ಥವಾಗುವ ಹಾಗೆ ಹೇಳು, ಒಂದು ಪ್ರತಿ ಅವರ ಕೈಗೆ ಕೊಟ್ಟು ಬಾ, ಔಷಧಿ ಬೇಕಾದವರನ್ನು ಆಸ್ಪತ್ರೆಗೆ ಮುಟ್ಟಿಸು.

ನಿಮ್ಮಪ್ಪನ ಔಷಧಿಯ ಖರ್ಚು ನನಗೆ ಬಿಡು, ನನ್ನ ಪಿಂಚಣಿ ಸಾಕಾಗುತ್ತದೆ. ಕೊಕ್ಕಡಕ್ಕೆ ಬರುತ್ತೇನೆಂದು ಈ ವಾರವೇ ಅವರಿಗೆ ಬರೆ.

ಇಂತಿ ನಿನ್ನ
ದೊಡ್ಡವ್ವ