ಕಾಯುವವರು ಯಾರು? ಕುಮಟಾ ತಾಲ್ಲೂಕಿನ ಮೂರು ಗ್ರಾಮಾರಣ್ಯಗಳ ಅಧ್ಯಯನ

(ಗ್ರಾಮ ಪಂಚಾಯಿತಿ ಸದಸ್ಯರ ಅಧ್ಯಯನಕ್ಕಾಗಿ)



ನಾನು ಸೇವೆಗೆ ಸೇರಿದ ಮೊದಲ ವರ್ಷ ಊರ ಗೋಮಾಳದ ಬೋಳುಗುಡ್ಡವೊಂದರ ಮೇಲೆ ಸಸಿ ನೆಡಿಸಿದೆ. ಎಂಜಿನಿಯರಿಂಗ್ ಓದಿ ಬಂದವನಾದ್ದರಿಂದ ಅಂದಾಜು ಪಟ್ಟಿಯನ್ನು ಬಹಳ ಅಚ್ಚುಕಟ್ಟಾಗಿ ಸಿದ್ಧಪಡಿಸಿದ್ದೆ. ಗುಂಡಿಯ ಉದ್ದ, ಅಗಲ, ಆಳ, ಗುಂಡಿಯಿಂದ ಗುಂಡಿಗಿರುವ ಅಂತರ, ಸುತ್ತಲಿನ ಕಂದಕದ ಘನ ಅಳತೆ ಎಲ್ಲವೂ ಅಳತೆ ಪುಸ್ತಕದಲ್ಲಿ ಕ್ರಮವಾಗಿ ದಾಖಲಾದವು. ಮರುವರ್ಷ ಏಪ್ರಿಲ್‌ನಲ್ಲಿ, ಬದುಕಿ ಉಳಿದ ಸಸಿಗಳನ್ನು ಎಣಿಸಲು ಹೋದಾಗ ಆ ಕೆಲಸಕ್ಕೆ ಅರ್ಧ ಗಂಟೆಯೂ ಹಿಡಿಯಲಿಲ್ಲ. ಕಂದಕದ ಅಳತೆ ಸರಿಯಾಗಿಯೇ ಇತ್ತು. ಮಣ್ಣು ಕುಸಿದಿದ್ದ ಒಂದು ಮೂಲೆಯಿಂದ ದನಗಳು ಒಳಹೊಕ್ಕಿದ್ದವು, ಇನ್ನೊಂದು ಮೂಲೆಯಿಂದ ಬೆಂಕಿ. ಜೊತೆಯಲ್ಲಿದ್ದ ಹಿರಿಯ ಸದಸ್ಯರೊಬ್ಬರು, “ಸಾಹೇಬ್ರೇ, ಇದನ್ನ ಕಾಯೋರು ಯಾರು ಅಂತ ನೀವು ಯಾರನ್ನೂ ಕೇಳಲಿಲ್ಲವಲ್ಲ” ಎಂದರು. ಅವರ ಮಾತಿನಲ್ಲಿ ಆಕ್ಷೇಪಕ್ಕಿಂತ ಆಶ್ಚರ್ಯವೇ ಹೆಚ್ಚಾಗಿತ್ತು.

ಆ ಪ್ರಶ್ನೆಯನ್ನು ಹಿಂಬಾಲಿಸಿ ಓದತೊಡಗಿದಾಗ ನನಗೆ ದೊರೆತದ್ದು ಉತ್ತರ ಕನ್ನಡ ಜಿಲ್ಲೆಯ ಕುಮಟಾ ಪಟ್ಟಣದ ಆಸುಪಾಸಿನ ಮೂರು ಊರುಗಳ ವೃತ್ತಾಂತ. ಹಳಕಾರ, ಚಿತ್ರಗಿ ಮತ್ತು ಕಲ್ಲಬ್ಬೆ ಎಂಬವೇ ಆ ಊರುಗಳು. ಅರಣ್ಯ ಸಂರಕ್ಷಣೆಯ ವಿಷಯ ಬಂದಾಗ ನಾವೆಲ್ಲರೂ ಅದೇ ಜಿಲ್ಲೆಯ ಅಪ್ಪಿಕೋ ಚಳವಳಿಯನ್ನು ನೆನೆಯುತ್ತೇವೆ. 1983ರ ಸೆಪ್ಟೆಂಬರ್ 8ರಂದು ಶಿರಸಿ ತಾಲ್ಲೂಕಿನ ಸಾಲ್ಕಣಿಯ ಜನರು ಮರಗಳನ್ನು ಅಪ್ಪಿ ನಿಂತು ಕೊಡಲಿಯನ್ನು ತಡೆದದ್ದು ಸ್ಮರಣೀಯವೇ ಸರಿ. ಆದರೆ ಮರವನ್ನು ಅಪ್ಪಿಕೊಳ್ಳಬೇಕಾದ ದಿನ ಒಂದು ಊರಿನ ಬದುಕಿನಲ್ಲಿ ಒಮ್ಮೆ ಬರಬಹುದು, ಬಾರದೆಯೂ ಇರಬಹುದು. ಉಳಿದೆಲ್ಲ ದಿನಗಳಲ್ಲಿ ಕಾಡನ್ನು ಉಳಿಸುವ ಕೆಲಸ ಹೇಗಿರುತ್ತದೆ ಎಂಬುದನ್ನು ತಿಳಿಯಲು ಕುಮಟೆಯ ಕಡೆಗೆ ನೋಡಬೇಕು.

ಹಿನ್ನೆಲೆ ಹೀಗಿದೆ. ಉತ್ತರ ಕನ್ನಡವು 1862ರಲ್ಲಿ ಮದರಾಸು ಪ್ರಾಂತ್ಯದಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿತು. ಆ ಬಳಿಕ ಬ್ರಿಟಿಷ್ ಸರ್ಕಾರವು ಅಲ್ಲಿನ ಕಾಡುಗಳನ್ನು ಹಂತಹಂತವಾಗಿ ಮೀಸಲು ಅರಣ್ಯವೆಂದು ಘೋಷಿಸಿತು. ಗದ್ದೆಗೆ ಸೊಪ್ಪು, ಒಲೆಗೆ ಸೌದೆ, ಕೊಟ್ಟಿಗೆಗೆ ತರಗೆಲೆ, ನೇಗಿಲಿಗೆ ಮರ ಇವೆಲ್ಲಕ್ಕೂ ಕಾಡನ್ನೇ ನಂಬಿದ್ದ ರೈತರಿಗೆ ಇದರಿಂದ ಬಹಳ ಸಂಕಟವಾಯಿತು, ದೂರುಗಳು ಹೆಚ್ಚಿದವು. 1920ರ ದಶಕದ ಆರಂಭದಲ್ಲಿ ಕಾಲಿನ್ಸ್ ಎಂಬ ಅಧಿಕಾರಿ ಈ ದೂರುಗಳ ಪರಿಶೀಲನೆ ನಡೆಸಿದರು. ಊರಿನ ಬಳಕೆಗೆಂದು ಬಿಟ್ಟ ಅರಣ್ಯದ ಆಡಳಿತವನ್ನು ಊರಿನವರಿಗೇ ವಹಿಸಬಹುದೆಂಬ ವಿಚಾರ ಆ ಕಾಲದಲ್ಲಿ ರೂಪುಗೊಂಡು, ಈ ಮೂರು ಊರುಗಳಲ್ಲಿ ಗ್ರಾಮ ಅರಣ್ಯ ಪಂಚಾಯಿತಿಗಳು ಹುಟ್ಟಿದವು. 1927ರ ಭಾರತೀಯ ಅರಣ್ಯ ಕಾಯ್ದೆಯ 28ನೆಯ ಕಲಮಿನಲ್ಲಿಯೂ ಗ್ರಾಮಾರಣ್ಯಕ್ಕೆ ಅವಕಾಶ ಕಲ್ಪಿಸಲಾಗಿದೆ. ಹೀಗಾಗಿ ಈ ವ್ಯವಸ್ಥೆ ಕಾನೂನಿಗೆ ಹೊರತಾದುದೇನೂ ಆಗಿರಲಿಲ್ಲ.

ಈ ಊರುಗಳವರು ಮಾಡಿದ ಕೆಲಸದಲ್ಲಿ ಸುದ್ದಿಯಾಗುವಂಥದ್ದು ಏನೂ ಇರಲಿಲ್ಲ. ಸಮಿತಿಯವರು ಊರಿನವರೇ. ಕಾಡಿಗೆ ಒಬ್ಬ ಕಾವಲುಗಾರ, ಅವನ ಸಂಬಳದ ಹೊಣೆ ಊರಿನದು. ಒಣಗಿದ ಕಟ್ಟಿಗೆ, ತರಗೆಲೆ ತರುವುದಕ್ಕೆ ಕ್ರಮವುಂಟು, ಹಸಿ ಮರಕ್ಕೆ ಕತ್ತಿ ಹಚ್ಚುವಂತಿಲ್ಲ. ತಪ್ಪಿದವರನ್ನು ಕೇಳುವವರು ಪಕ್ಕದ ಮನೆಯವರೇ ಆದ್ದರಿಂದ ದಂಡಕ್ಕಿಂತ ಮುಖ ತೋರಿಸುವ ಸಂಕೋಚವೇ ಹೆಚ್ಚಿನ ಕೆಲಸ ಮಾಡುತ್ತದೆ. ಪಟ್ಟಣಕ್ಕೆ ಇಷ್ಟು ಸಮೀಪದಲ್ಲಿ, ಸೌದೆಗೆ ಸದಾ ಗಿರಾಕಿ ಇರುವ ಕರಾವಳಿಯಲ್ಲಿ, ಸುತ್ತಲಿನ ಗುಡ್ಡಗಳು ಬೋಳಾಗುತ್ತಿದ್ದಾಗಲೂ ಈ ಮೂರು ಕಾಡುಗಳು ಹಸಿರಾಗಿ ಉಳಿದವು.

1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಜಿಲ್ಲೆಯು ನಮ್ಮ ರಾಜ್ಯಕ್ಕೆ ಸೇರಿತು. ಮುಂಬಯಿ ಕಾಲದ ಈ ಸಮಿತಿಗಳು ಹೊಸ ವ್ಯವಸ್ಥೆಗೆ ಹೊಂದಿಕೊಳ್ಳುವುದಿಲ್ಲವೆಂದು, ಅವುಗಳನ್ನು ವಿಸರ್ಜಿಸುವ ಆದೇಶ ಮುಂದೆ ಹೊರಬಿದ್ದಿತು. ಇಲ್ಲಿಂದ ಮೂರು ಊರುಗಳ ದಾರಿ ಬೇರೆಯಾಗುತ್ತದೆ. ಹಳಕಾರ ಮತ್ತು ಕಲ್ಲಬ್ಬೆಯವರು ನ್ಯಾಯಾಲಯಕ್ಕೆ ಹೋಗಿ ತಡೆಯಾಜ್ಞೆ ತಂದರು, ಅವರ ಕಾಡುಗಳು ಉಳಿದವು. ಚಿತ್ರಗಿಯವರು ನ್ಯಾಯಾಲಯಕ್ಕೆ ಹೋಗಲಿಲ್ಲ. ಸಮಿತಿಯ ಅಧಿಕಾರ ಹೋಯಿತೆಂಬುದು ಖಚಿತವಾದ ಕೆಲವೇ ಕಾಲದಲ್ಲಿ ಆ ಊರಿನ ಕಾಡು ಕೊಡಲಿಗೆ ತುತ್ತಾಯಿತು.

ಸದಸ್ಯರು ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕೆಂದು ಕೋರುತ್ತೇನೆ. ಚಿತ್ರಗಿಯ ಕಾಡಿಗೆ ಕೊಡಲಿ ಹಾಕಿದವರು ಹೊರಗಿನಿಂದ ಬಂದ ಗುತ್ತಿಗೆದಾರರಲ್ಲ. ಅದನ್ನು ದಶಕಗಳ ಕಾಲ ಕಾಯ್ದಿದ್ದ ಊರೇ ಅದನ್ನು ಕಡಿಯಿತು. ಜನರು ಒಂದೇ ವಾರದಲ್ಲಿ ದುಷ್ಟರಾದರೇ? ಹಾಗೆಂದು ನನಗೆ ತೋರುವುದಿಲ್ಲ. ನಿನ್ನೆಯವರೆಗೆ ಒಂದು ಹೊರೆ ಸೌದೆ ಕಡಿಮೆ ತಂದವನಿಗೆ, ಉಳಿದದ್ದು ನಾಳೆಯೂ ತನ್ನ ಊರಿಗೇ ಇರುತ್ತದೆ ಎಂಬ ಭರವಸೆ ಇತ್ತು. ಆದೇಶ ಬಂದ ದಿನ ಆ ಭರವಸೆ ಮುರಿಯಿತು. ತಾನು ಬಿಟ್ಟ ಮರವನ್ನು ನೆರೆಯವನು ಒಯ್ಯುತ್ತಾನೆ, ನೆರೆಯವನು ಬಿಟ್ಟರೆ ಬೇರೆ ಯಾರೋ ಒಯ್ಯುತ್ತಾರೆ ಎಂಬ ಸ್ಥಿತಿಯಲ್ಲಿ ಮೊದಲು ಕಡಿದವನೇ ಜಾಣನಾಗುತ್ತಾನೆ. ಕಾಡು ನಿಂತಿದ್ದುದು ಜನರ ಒಳ್ಳೆಯತನದ ಮೇಲೆ ಮಾತ್ರವಲ್ಲ, ಆ ಒಳ್ಳೆಯತನಕ್ಕೆ ದೊರೆತಿದ್ದ ಮಾನ್ಯತೆಯ ಮೇಲೆ. ಮಾನ್ಯತೆಯನ್ನು ಒಂದು ಕಾಗದ ಕೊಟ್ಟಿತ್ತು, ಇನ್ನೊಂದು ಕಾಗದ ಕಿತ್ತುಕೊಂಡಿತು. 1993ರಲ್ಲಿ ಇದೇ ರಾಜ್ಯದಲ್ಲಿ ಜಂಟಿ ಅರಣ್ಯ ಯೋಜನೆಯ ಆದೇಶ ಹೊರಟು ಊರೂರಿಗೆ ಗ್ರಾಮ ಅರಣ್ಯ ಸಮಿತಿಗಳನ್ನು ಹೊಸದಾಗಿ ರಚಿಸತೊಡಗಿದರು ಎಂಬುದನ್ನು ಇದರ ಪಕ್ಕದಲ್ಲಿಟ್ಟು ಓದಿದರೆ, ಕಾಗದಗಳನ್ನು ಬರೆಯುವ ನಮ್ಮಂಥವರಿಗೆ ಕೊಂಚ ಮುಜುಗರವಾಗುವುದು ಸಹಜ.

ಇದು ನಮ್ಮ ಪಂಚಾಯಿತಿಗಳಿಗೆ ಹೇಗೆ ಅನ್ವಯಿಸುತ್ತದೆ?

ಬಹುತೇಕ ಎಲ್ಲ ಪಂಚಾಯಿತಿಗಳ ವ್ಯಾಪ್ತಿಯಲ್ಲಿಯೂ ಯಾರೂ ಹೇಳದೆಯೇ ಯಾವುದೋ ಒಂದು ತುಂಡು ನೆಲವನ್ನು ಕಾಯುತ್ತಿರುವ ಜನರಿದ್ದಾರೆ. ಅದು ದೇವರಕಾಡು ಇರಬಹುದು, ಗುಂಡುತೋಪು ಇರಬಹುದು, ಕೆರೆಯ ಅಚ್ಚುಕಟ್ಟಿನ ಮೇಲ್ಭಾಗದ ಗುಡ್ಡ ಇರಬಹುದು. ಬೇಸಿಗೆಯಲ್ಲಿ ಬೆಂಕಿ ಬಿದ್ದರೆ ಸೊಪ್ಪಿನ ಕೊಂಬೆ ಹಿಡಿದು ಓಡುವ ಹತ್ತು ಹುಡುಗರು, ತೋಪಿನ ಹುಣಸೆ ಹರಾಜಿನ ಲೆಕ್ಕ ಇಡುವ ಒಬ್ಬ ನಿವೃತ್ತ ಮೇಷ್ಟ್ರು, ದೇವರಕಾಡಿನೊಳಗೆ ಚಪ್ಪಲಿ ಮೆಟ್ಟಿ ಹೋಗಲು ಬಿಡದ ಒಬ್ಬ ಅಜ್ಜಿ ಇವರೇ ನಮ್ಮ ಅರಣ್ಯ ಪಂಚಾಯಿತಿ. ಇವರ ಹೆಸರು ನಮ್ಮ ಯಾವ ಕಡತದಲ್ಲಿಯೂ ಇಲ್ಲ. ನಾವು ಹೊಸ ಸಮಿತಿ ರಚಿಸುವಾಗ ಇವರನ್ನು ಬಿಟ್ಟು ವಾರ್ಡಿಗೊಬ್ಬರಂತೆ ಹೆಸರು ತುಂಬುತ್ತೇವೆ. ಆ ಕ್ಷಣದಲ್ಲಿಯೇ ಚಿತ್ರಗಿಯ ಸಣ್ಣ ಪ್ರತಿಯೊಂದನ್ನು ನಾವು ಮಾಡಿರುತ್ತೇವೆ.

ಕಾನೂನಿನಲ್ಲಿ ಇವರಿಗೆ ಮಾನ್ಯತೆ ಕೊಡುವ ದಾರಿಗಳು ಇಂದು ಎರಡು ಇವೆ. 2002ರ ಜೈವಿಕ ವೈವಿಧ್ಯ ಕಾಯ್ದೆಯ 41ನೆಯ ಕಲಮಿನಂತೆ ಪ್ರತಿ ಸ್ಥಳೀಯ ಸಂಸ್ಥೆಯೂ ಜೀವವೈವಿಧ್ಯ ನಿರ್ವಹಣಾ ಸಮಿತಿಯನ್ನು ಹೊಂದಿರಬೇಕು, ಊರಿನವರೊಡನೆ ಸಮಾಲೋಚಿಸಿ ಜನತಾ ಜೀವವೈವಿಧ್ಯ ದಾಖಲೆಯನ್ನು ಸಿದ್ಧಪಡಿಸಬೇಕು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು 2020ರ ಜನವರಿ 31ರ ಗಡುವು ವಿಧಿಸಿದ್ದರಿಂದ ಹಲವೆಡೆ ಈ ದಾಖಲೆಗಳು ತರಾತುರಿಯಲ್ಲಿ ತಯಾರಾದವು. ನಾನು ನೋಡಿದ ಒಂದು ದಾಖಲೆಯಲ್ಲಿ ಆ ಊರಿನಲ್ಲಿ ಬೆಳೆಯದ ಮರಗಳೂ ಇದ್ದವು, ಊರ ಬಾಗಿಲಲ್ಲೇ ಇರುವ ಹಳೆಯ ಗೋಣಿಮರ ಮಾತ್ರ ಇರಲಿಲ್ಲ. ತಮ್ಮ ಕಚೇರಿಯ ಕಪಾಟಿನಿಂದ ಆ ದಾಖಲೆಯನ್ನು ಹೊರತೆಗೆಸಿ ಒಮ್ಮೆ ಓದಬೇಕೆಂದು ಪ್ರತಿ ಸದಸ್ಯರಲ್ಲಿಯೂ ವಿನಂತಿ. ತಪ್ಪುಗಳಿದ್ದರೆ ಸಮಿತಿಯು ತಿದ್ದಬಹುದು.

ಎರಡನೆಯದು 2006ರ ಅರಣ್ಯ ಹಕ್ಕುಗಳ ಮಾನ್ಯತೆ ಕಾಯ್ದೆ. ಈ ಕಾಯ್ದೆಯ ಹೆಸರೆತ್ತಿದರೆ ನಮ್ಮಲ್ಲಿ ವೈಯಕ್ತಿಕ ಸಾಗುವಳಿಯ ಅರ್ಜಿಗಳೇ ನೆನಪಾಗುತ್ತವೆ. ಆದರೆ 3(1)(ಐ) ಕಲಮು, ಪರಂಪರೆಯಿಂದ ಕಾಯ್ದುಕೊಂಡು ಬಂದ ಸಮುದಾಯ ಅರಣ್ಯ ಸಂಪನ್ಮೂಲವನ್ನು ರಕ್ಷಿಸುವ ಮತ್ತು ನಿರ್ವಹಿಸುವ ಹಕ್ಕನ್ನು ಅರಣ್ಯವಾಸಿ ಸಮುದಾಯಕ್ಕೆ ನೀಡುತ್ತದೆ. ಪರಿಶಿಷ್ಟ ಪಂಗಡದವರಲ್ಲದವರು 2005ರ ಡಿಸೆಂಬರ್ 13ಕ್ಕೆ ಹಿಂದಿನ ಮೂರು ತಲೆಮಾರುಗಳ, ಅಂದರೆ 75 ವರ್ಷಗಳ ವಾಸ ಮತ್ತು ಅವಲಂಬನೆಯನ್ನು ತೋರಿಸಬೇಕಾಗುತ್ತದೆ. ಗ್ರಾಮಸಭೆಯಲ್ಲಿ ಅರ್ಧದಷ್ಟು ಸದಸ್ಯರು ಹಾಜರಿರಬೇಕು, ಹಾಜರಿರುವವರಲ್ಲಿ ಮೂರನೆಯ ಒಂದು ಭಾಗವಾದರೂ ಮಹಿಳೆಯರಿರಬೇಕು ಎಂಬುದನ್ನು ಮರೆಯುವಂತಿಲ್ಲ. ಕೋರಂ ಇಲ್ಲದ ಸಭೆಯ ಠರಾವು ಮುಂದೆ ಯಾವ ಹಂತದಲ್ಲಿಯೂ ನಿಲ್ಲುವುದಿಲ್ಲ. ಮೀಸಲು ಅರಣ್ಯದ ಗಡಿಯೊಳಗೆ ಅರಣ್ಯ ಇಲಾಖೆಯನ್ನು ಬಿಟ್ಟು ಪಂಚಾಯಿತಿಯು ತಾನೇ ಕಾಮಗಾರಿ ಕೈಗೊಳ್ಳುವಂತಿಲ್ಲವೆಂಬುದೂ ತಮಗೆ ತಿಳಿದೇ ಇದೆ. ಆದ್ದರಿಂದ ಮೊದಲು ಸರ್ವೆ ನಂಬರಿನ ಪಹಣಿ ನೋಡಿ, ಜಮೀನು ಯಾರ ಹೆಸರಿನಲ್ಲಿದೆ ಎಂಬುದನ್ನು ಖಚಿತಪಡಿಸಿಕೊಳ್ಳುವುದು ಒಳಿತು.

ಮತ್ತೊಂದು ವಿಷಯವನ್ನು ಹೇಳದೆ ಈ ಪಾಠ ಪೂರ್ಣವಾಗದು. ನನ್ನ ಗುಡ್ಡದ ಸಸಿಗಳು ಸತ್ತ ನಂತರ ಊರಿನ ಯುವಕರ ಗುಂಪೊಂದು ತಾನಾಗಿ ಮುಂದೆ ಬಂದು ಕಾವಲು ಆರಂಭಿಸಿತು. ಹುರುಪಿನಲ್ಲಿ ಅವರು ಗುಡ್ಡವನ್ನು ಪೂರ್ತಿಯಾಗಿ ಮುಚ್ಚಿದರು. ಒಂದು ತಿಂಗಳೊಳಗೆ ಕಾಲೊನಿಯ ಏಳೆಂಟು ಮಂದಿ ಹೆಂಗಸರು ಪಂಚಾಯಿತಿ ಕಚೇರಿಯ ಮುಂದೆ ಬಂದು ಕುಳಿತರು. ಗ್ಯಾಸ್ ಸಿಲಿಂಡರ್ ಇದ್ದರೂ ಮರುಪೂರಣಕ್ಕೆ ಹಣವಿಲ್ಲದ ಮನೆಗಳವು. ಅವರು ಸೌದೆಗೆ ಇನ್ನೊಂದು ಗುಡ್ಡ ದಾಟಿ ಹೋಗಬೇಕಾಗಿತ್ತು. “ಕಾಡು ಉಳಿಸೋದು ನಿಮ್ಮ ಹುಡುಗ್ರಿಗೆ ಭಾನುವಾರದ ಕೆಲಸ ಸಾರ್, ನಮಗೆ ದಿನಾ ಒಲೆ ಉರೀಬೇಕು” ಎಂದು ಅವರಲ್ಲೊಬ್ಬರು ಹೇಳಿದ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಮುಚ್ಚುವ ತೀರ್ಮಾನವಾದ ಸಭೆಯಲ್ಲಿ ಅವರಲ್ಲಿ ಒಬ್ಬರೂ ಇರಲಿಲ್ಲ, ಇದ್ದಾರೆಯೇ ಎಂದು ನಾನೂ ನೋಡಿರಲಿಲ್ಲ.

ಆಮೇಲೆ ನಡೆದ ಸಭೆಯೊಂದು ಮಧ್ಯಾಹ್ನದಿಂದ ಸಂಜೆಯವರೆಗೆ ಎಳೆಯಿತು. ವಾರದಲ್ಲಿ ಎರಡು ದಿನ, ಬಿದ್ದ ಒಣಕಟ್ಟಿಗೆಯನ್ನು ಮಾತ್ರ, ಕತ್ತಿ ಕೊಡಲಿ ಇಲ್ಲದೆ ತರಬಹುದೆಂದು ಒಪ್ಪಿಗೆಯಾಯಿತು. ಅದಕ್ಕಿಂತ ಮುಖ್ಯವಾಗಿ ಆ ಹೆಂಗಸರಲ್ಲಿ ಇಬ್ಬರು ಕಾವಲು ಸಮಿತಿಗೆ ಸೇರಿದರು. ಬೆಂಕಿಯ ಸುಳಿವು ಈಗ ಎಲ್ಲರಿಗಿಂತ ಮೊದಲು ಬರುವುದು ಅವರಿಂದಲೇ, ಏಕೆಂದರೆ ಗುಡ್ಡದ ಮೇಲೆ ಹೆಚ್ಚು ಓಡಾಡುವವರು ಅವರೇ. ಎಲ್ಲವೂ ಸರಿಹೋಯಿತೆಂದು ನಾನು ಹೇಳಲಾರೆ. ಕುರಿ ಸಾಕುವ ಎರಡು ಮನೆಗಳವರ ಅಸಮಾಧಾನ ಇನ್ನೂ ಹಾಗೆಯೇ ಇದೆ, ಅವರಿಗೆ ಬದಲಿ ಮೇವಿನ ಜಾಗ ತೋರಿಸಲು ನಮ್ಮಿಂದ ಆಗಿಲ್ಲ.

ಸ್ವಯಂಸೇವೆ ಎಂಬ ಪದವನ್ನು ನಾವು ಹಗುರವಾಗಿ ಬಳಸುತ್ತೇವೆಂದು ನನ್ನ ಅಭಿಪ್ರಾಯ. ಹಣವಿಲ್ಲದೆ ದುಡಿಯುವವರನ್ನು ಹುಡುಕಿಕೊಂಡು ಪಂಚಾಯಿತಿ ತನ್ನ ಹೊಣೆ ಕಳೆದುಕೊಳ್ಳುವುದಕ್ಕೆ ಆ ಹೆಸರು ಸಲ್ಲದು. ಹಳಕಾರದವರು ಕೂಡ ಕಾವಲುಗಾರನನ್ನು ಬಿಟ್ಟಿಯಾಗಿ ದುಡಿಸಲಿಲ್ಲ. ನಮ್ಮ ಗುಡ್ಡದಲ್ಲಿ ಕಂದಕ ರಿಪೇರಿ, ಬೆಂಕಿರೇಖೆ ಬಿಡಿಸುವ ಕೆಲಸಗಳನ್ನು ಉದ್ಯೋಗ ಖಾತರಿಯಲ್ಲಿ ಕೂಲಿ ಕೊಟ್ಟೇ ಮಾಡಿಸಿದೆವು. ಜನವರಿಯಿಂದ ಮೇ ತನಕದ ಕಾವಲಿನ ಪಾಳಿ ಮಾತ್ರ ಊರಿನವರದು. ಅದಕ್ಕೊಂದು ಪುಸ್ತಕವಿದೆ. ದಿನಾಂಕ, ಪಾಳಿಯವರ ಸಹಿ, ಕಂಡದ್ದು ಎಂದು ಮೂರೇ ಅಂಕಣಗಳು. “ಏನೂ ಇಲ್ಲ” ಎಂದು ಬರೆದ ಸಾಲುಗಳೇ ಅದರಲ್ಲಿ ಹೆಚ್ಚು. ನಾನು ಈವರೆಗೆ ಬರೆದ ಯಾವ ಅಳತೆ ಪುಸ್ತಕಕ್ಕಿಂತಲೂ ಅದು ನನಗೆ ಹೆಚ್ಚು ಬೆಲೆಯುಳ್ಳದ್ದಾಗಿ ಕಾಣುತ್ತದೆ.

ಅಭ್ಯಾಸಕ್ಕಾಗಿ: ಮುಂದಿನ ಗ್ರಾಮಸಭೆಗೆ ಮೊದಲು ಪ್ರತಿ ಸದಸ್ಯರೂ ತಮ್ಮ ವಾರ್ಡಿನ ಒಂದು ತುಂಡು ಸಾರ್ವಜನಿಕ ಹಸಿರು ನೆಲವನ್ನು ಆರಿಸಿಕೊಂಡು, ಅಲ್ಲಿ ಸ್ವತಃ ನಡೆದುನೋಡಬೇಕು. ಅದರ ಸರ್ವೆ ನಂಬರು, ಅದನ್ನು ಈಗ ಕಾಯುತ್ತಿರುವವರ ಹೆಸರು, ಅದರಿಂದ ಸೌದೆ, ಸೊಪ್ಪು, ಮೇವು ತರುವ ಮನೆಗಳ ಹೆಸರು ಇವಿಷ್ಟನ್ನು ಒಂದು ಹಾಳೆಯಲ್ಲಿ ಬರೆದು ತರಬೇಕು. ಎರಡನೆಯ ಮತ್ತು ಮೂರನೆಯ ಪಟ್ಟಿಗಳಲ್ಲಿರುವ ಎಲ್ಲರಿಗೂ ಸಭೆಯ ತಿಳಿವಳಿಕೆ ಪತ್ರ ಮನೆಗೆ ತಲುಪಿದೆಯೇ ಎಂಬುದನ್ನು ಅಭಿವೃದ್ಧಿ ಅಧಿಕಾರಿಯಲ್ಲಿ ವಿಚಾರಿಸಿ, ಅನಂತರ ವಿಷಯವನ್ನು ಕಾರ್ಯಸೂಚಿಗೆ ಸೇರಿಸಬೇಕು.